ಸಹಾಯ ಬೇಕು: ರೇಷ್ಮೆ ಬಿಎಸ್ಸಿನಾ, ಬಯೋಟೆಕ್ನಾಲಜಿನಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಪಿಸಿಎಂಬಿ ತಗೊಂಡು ಸೆಕೆಂಡ್ ಪಿಯು ಮುಗಿಸಿದ್ದಾಳೆ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ 4 ವರ್ಷದ ಬಿಎಸ್ಸಿ ಆನರ್ಸ್ ಓದಬೇಕು ಅನ್ನೋದು ಅವಳ ಆಸೆ. ಅಪ್ಪ ಒಪ್ಪುತ್ತಿಲ್ಲ. "ಹುಳ ಸಾಕೋಕೆ ಡಿಗ್ರಿ ಬೇಕಾ? ಮನೇಲೇ ಕಲ್ತಿದೀಯಲ್ಲ" ಅಂತಾರೆ. ಹತ್ತಿರದ ಕಾಲೇಜಿನಲ್ಲಿ 3 ವರ್ಷದ ಬಯೋಟೆಕ್ನಾಲಜಿ ಸೇರಲಿ ಅನ್ನೋದು ಅವರ ವಾದ.

ಮನೇಲಿ ಕಲಿತಿರೋದು ನಿಜವೇ. ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲೆ ಇವಳು ತಟ್ಟೆ ತಟ್ಟೆ ನೋಡುತ್ತಾ ಹೋಗುತ್ತಾಳೆ. ಮೈ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಬಿಡುವ ಹುಳ ಕಂಡರೆ ತಕ್ಷಣ ಎತ್ತಿ ಬೇರೆ ಹಾಕುತ್ತಾಳೆ. ಹಾಲುತೊಂಡೆ ರೋಗ ಅದು, ವೈರಸ್‌ನಿಂದ ಬರುತ್ತೆ. ಆ ವೈರಸ್ ಹುಳದ ಒಳಗೆ ಏನು ಮಾಡುತ್ತೆ, ಒಂದು ತಳಿ ತಡೆದುಕೊಂಡರೆ ಇನ್ನೊಂದು ಯಾಕೆ ಸಾಯುತ್ತೆ ಅಂದರೆ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲ. ಅವಳಿಗೆ ಬೇಕಿರೋದೇ ಅದು.

ಅಲ್ಲಿ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕೃಷಿಕರ ಕೋಟಾದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಏನೇನು ಕೇಳುತ್ತಾರೆ? ಈ ಪದವಿ ಆದ ಮೇಲೆ ಬಯೋಟೆಕ್ನಾಲಜಿ ಎಂಎಸ್ಸಿಗೆ ಹೋದವರು ಇದ್ದೀರಾ? ಅದರ ಪ್ರವೇಶಕ್ಕೆ ಬರೆಯೋ ಗ್ಯಾಟ್-ಬಿ ಪರೀಕ್ಷೆಗೆ ಓದಿಕೊಳ್ಳುವಾಗ ಯಾವ ವಿಷಯ ಕಷ್ಟ ಆಯ್ತು? ರೇಷ್ಮೆ ಇಲಾಖೆಯ ಕೆಲಸ ಬಿಟ್ಟು ಬೇರೆ ದಾರಿ ಏನಿದೆ ಅನ್ನೋದೇ ಅಪ್ಪನ ಮುಖ್ಯ ಪ್ರಶ್ನೆ. ಸುಮ್ನೆ "ಸ್ಕೋಪ್ ಇಲ್ಲ" ಅನ್ನಬೇಡಿ, ಅದನ್ನ ನೆಂಟರು ಆಗಲೇ ಹೇಳಿಯಾಗಿದೆ.

ಹಾಸ್ಟೆಲ್ ಊಟದ ಬಗ್ಗೆ ಅಮ್ಮ ಕೇಳು ಅಂದಿದ್ದಾರೆ, ಅದನ್ನೂ ತಿಳಿಸಿ.