‘ಕಂಟಿನ್ಯುಯಸ್ಲಿ’, ‘ಕಂಟಿನ್ಯುಅಲಿ’: ಎರಡಕ್ಕೂ ‘ನಿರಂತರವಾಗಿ’ ಎಂದರೆ ಸಾಕೇ?

ಪ್ರಶ್ನೆ (ಬನಶಂಕರಿಯ ನಿವಾಸಿ)

ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯನ್ನು, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕವನ್ನು, ನೋಡಿಕೊಳ್ಳುವ ಆಪರೇಟರಿಗೆ ಇಂಗ್ಲಿಷ್ ಕೈಪಿಡಿ ಓದಲಾಗುವುದಿಲ್ಲವೆಂದು ಅದನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ತೊಟ್ಟಿಗೆ ಗಾಳಿ ಊದುವ ಬ್ಲೋವರಿನ ಬಗೆಗಿನ ವಾಕ್ಯದಲ್ಲಿ ‘ಕಂಟಿನ್ಯುಯಸ್ಲಿ’ ಎಂದಿದೆ. ತೊಟ್ಟಿಯ ಮೇಲಿನ ನೊರೆಯನ್ನು ಗಮನಿಸಬೇಕೆಂಬ ವಾಕ್ಯದಲ್ಲಿ ‘ಕಂಟಿನ್ಯುಅಲಿ’ ಎಂದಿದೆ. ನಾನು ಎರಡಕ್ಕೂ ‘ನಿರಂತರವಾಗಿ’ ಎಂದು ಬರೆದೆ. ಹಾಳೆಯನ್ನು ಓದಿದ ಆಪರೇಟರ್, “ಮೇಡಂ, ನೊರೆಯನ್ನು ನಿರಂತರವಾಗಿ ನೋಡಬೇಕೆಂದರೆ ನಾನು ತೊಟ್ಟಿಯ ಹತ್ತಿರದಿಂದ ಏಳುವ ಹಾಗೆಯೇ ಇಲ್ಲವೇ?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಉತ್ತರ ನನ್ನಲ್ಲಿರಲಿಲ್ಲ.

ಕಾನ್‌ಸ್ಟಂಟ್ಲಿ, ಇನ್‌ಸೆಸಂಟ್ಲಿ, ಆಲ್ವೇಸ್ ಮುಂತಾದವುಗಳಿಗೂ ‘ಸತತ, ನಿರಂತರ, ಎಡೆಬಿಡದೆ’ ಎಂಬ ಅದೇ ಮೂರು ಮಾತುಗಳು ನನಗೆ ತೋಚುತ್ತಿವೆ. ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಈ ಪದಗಳನ್ನು ಬೇರೆ ಬೇರೆಯಾಗಿ ಹಿಡಿಯುವುದು ಹೇಗೆ?

ಉತ್ತರ 1 (ಬಸವನಗುಡಿಯ ನಿವೃತ್ತ ಇಂಗ್ಲಿಷ್ ಅಧ್ಯಾಪಕ)

ಕೆಲಸದ ನಡುವೆ ಬಿಡುವು ಇದೆಯೇ ಇಲ್ಲವೇ ಎಂಬುದನ್ನು ಮೊದಲು ಕೇಳಿಕೊಳ್ಳಿ. ಬಿಡುವಿಲ್ಲದಿದ್ದರೆ ಕಂಟಿನ್ಯುಯಸ್ಲಿ; ಮತ್ತೆ ಮತ್ತೆ ನಡೆಯುತ್ತಾ ನಡುನಡುವೆ ನಿಲ್ಲುವುದಾದರೆ ಕಂಟಿನ್ಯುಅಲಿ. ತರಗತಿಯಲ್ಲಾಗಿದ್ದರೆ ನಮ್ಮ ಮೆಟ್ರೋವನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟಿನ ವಿದ್ಯುತ್ ಸಂಚಾರದ ಹೊತ್ತಿನಲ್ಲೆಲ್ಲ ಕಂಟಿನ್ಯುಯಸ್ಲಿ ಇರುತ್ತದೆ. ಮೆಜೆಸ್ಟಿಕ್ ನಿಲ್ದಾಣಕ್ಕೆ ರೈಲುಗಳು ಕಂಟಿನ್ಯುಅಲಿ ಬರುತ್ತವೆ, ಏಕೆಂದರೆ ಒಂದು ಹೋಗಿ ಇನ್ನೊಂದು ಬರುವ ನಡುವೆ ನಾಲ್ಕಾರು ನಿಮಿಷ ಪ್ಲಾಟ್‌ಫಾರ್ಮ್ ಖಾಲಿ ಇರುತ್ತದೆ.

ಇನ್‌ಸೆಸಂಟ್ಲಿ ಎಂಬುದು ‘ನಿಲ್ಲು’ ಎಂಬ ಅರ್ಥದ ಲ್ಯಾಟಿನ್ ಧಾತುವಿಗೆ ನಿಷೇಧ ಸೇರಿ ಬಂದ ಪದ. ನಮ್ಮ ‘ಅವಿರತ’ದ ಕಟ್ಟಡವೂ ಇದೇ ಬಗೆಯದು. ಆದರೆ ಬಳಕೆಯಲ್ಲಿ ಇನ್‌ಸೆಸಂಟ್ಲಿಗೆ ಬೇಸರದ ಛಾಯೆ ಹತ್ತಿಕೊಂಡಿದೆ: ನಾಯಿ ಬೊಗಳುವುದು, ಫೋನ್ ಬಡಿದುಕೊಳ್ಳುವುದು, ಮಳೆ ಬಿಡದೆ ಹೊಯ್ಯುವುದು. ‘ಅವಿರತ ಸೇವೆ’ ಎಂದು ನಾವು ಗೌರವದಿಂದ ಹೇಳುವ ಕಡೆ ಇನ್‌ಸೆಸಂಟ್ಲಿ ಎಂದು ಬರೆದರೆ ಅಭಿನಂದನಾ ಪತ್ರ ದೂರಿನಂತೆ ಕೇಳಿಸೀತು. ಕಾನ್‌ಸ್ಟಂಟ್ಲಿಗೆ ಆ ಕಹಿ ಕಡಿಮೆ, ಅರ್ಥವೂ ಸಡಿಲ.

ಆಲ್ವೇಸ್ ಒಬ್ಬಂಟಿಯಾಗಿ ನಿಂತಾಗ ‘ಯಾವಾಗಲೂ’ ಅಷ್ಟೇ. ‘ಷಿ ಈಸ್ ಆಲ್ವೇಸ್ ಕಂಪ್ಲೇನಿಂಗ್’ ಎಂದು ವರ್ತಮಾನದ ಇಂಗ್ ರೂಪದೊಡನೆ ಸೇರಿದಾಗ ಮಾತ್ರ ಹೇಳುವವನ ಅಸಹನೆ ಅದರೊಳಗೆ ಬರುತ್ತದೆ. ವ್ಯಾಕರಣ ರೂಪವೊಂದು ಮನಸ್ಸಿನ ಭಾವವನ್ನು ಹೀಗೆ ಹೊತ್ತುಕೊಳ್ಳುವುದನ್ನು ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಸಂತೋಷವಾಗುತ್ತಿತ್ತು.

ಉತ್ತರ 2 (ಮಲ್ಲೇಶ್ವರದ ಸುದ್ದಿ ಅನುವಾದಕಿ)

ಅಧ್ಯಾಪಕರು ಕೊನೆಗೆ ಹೇಳಿದ್ದರಿಂದಲೇ ನಾನು ಆರಂಭಿಸುತ್ತೇನೆ, ಏಕೆಂದರೆ ಕನ್ನಡದ ಬಲ ಇರುವುದು ಅಲ್ಲಿಯೇ. ‘ಅವಳು ದೂರುತ್ತಾಳೆ’, ‘ಅವಳು ದೂರುತ್ತಿರುತ್ತಾಳೆ’, ‘ಅವಳು ದೂರುತ್ತಲೇ ಇರುತ್ತಾಳೆ’ ಎಂಬ ಮೂರನ್ನು ಗಟ್ಟಿಯಾಗಿ ಓದಿ ನೋಡಿ. ಇಂಗ್ಲಿಷ್ ಆಲ್ವೇಸ್ ಹೊರುವ ಅಸಹನೆಯನ್ನು ಕನ್ನಡದಲ್ಲಿ ಒಂದು ‘ಏ’ಕಾರ ಹೊತ್ತಿದೆ. ಕ್ರಿಯೆಯ ಮುಂದುವರಿಕೆಯನ್ನು ನಮ್ಮ ಕ್ರಿಯಾಪದವೇ ಹೇಳಿಬಿಡುವುದರಿಂದ, ಇಂಗ್ಲಿಷಿನ ಪ್ರತಿಯೊಂದು ಕ್ರಿಯಾವಿಶೇಷಣಕ್ಕೂ ಒಂದು ‘ವಾಗಿ’ ಪದವನ್ನು ಹುಡುಕಿ ಅಂಟಿಸುವ ಅಗತ್ಯವೇ ಬಹಳ ಸಲ ಬೀಳುವುದಿಲ್ಲ.

ಪದ ಬೇಕೇ ಬೇಕೆಂದಾಗ ಅದರ ಒಳಗನ್ನು ಬಿಚ್ಚಿ ನೋಡಿದರೆ ದಾರಿ ಸಿಗುತ್ತದೆ. ನಿರಂತರ ಎಂದರೆ ಅಂತರವಿಲ್ಲದ್ದು. ಎಡೆಬಿಡದೆ ಎಂದರೆ ನಡುವೆ ಜಾಗ ಬಿಡದೆ. ಇವೆರಡೂ ಕಂಟಿನ್ಯುಯಸ್ಲಿಯ ಜೋಡಿ. ಪದೇ ಪದೇ ಎಂಬುದು ‘ಹೆಜ್ಜೆ ಹೆಜ್ಜೆಗೂ’ ಎಂಬರ್ಥದ ಸಂಸ್ಕೃತದ ಮಾತು. ಹೆಜ್ಜೆಗೂ ಹೆಜ್ಜೆಗೂ ನಡುವೆ ಅಂತರ ಇರಲೇಬೇಕು. ಹಾಗಾಗಿ ಪದೇ ಪದೇ, ಮೇಲಿಂದ ಮೇಲೆ, ಆಗಾಗ್ಗೆ ಇವೆಲ್ಲ ಕಂಟಿನ್ಯುಅಲಿಯ ಕಡೆಯವು. ಇವುಗಳಲ್ಲಿಯೂ ‘ಮೇಲಿಂದ ಮೇಲೆ’ ಎಂದರೆ ಬಿಡುವು ಕಿರಿದು, ‘ಆಗಾಗ್ಗೆ’ ಎಂದರೆ ಹಿರಿದು. ನಮ್ಮ ‘ಒಂದೇ ಸಮನೆ’ ಎಂಬುದಕ್ಕೆ ಸರಿಸಮವಾದ ಇಂಗ್ಲಿಷ್ ಪದ ನನಗೆ ಇನ್ನೂ ಸಿಕ್ಕಿಲ್ಲ. ಮಳೆ ಒಂದೇ ಸಮನೆ ಸುರಿಯಿತು ಎಂದಾಗ ನಿಲ್ಲಲಿಲ್ಲ ಎಂಬುದರ ಜೊತೆಗೆ ರಭಸವೂ ತಗ್ಗಲಿಲ್ಲ ಎಂಬುದು ಸೇರಿರುತ್ತದೆ.

ಉತ್ತರ 3 (ವೈಟ್‌ಫೀಲ್ಡಿನ ತಾಂತ್ರಿಕ ಬರಹಗಾರ)

ಮೊದಲ ಉತ್ತರದ ನಿಯಮವನ್ನು ಕಲಿಸಲು ಒಪ್ಪುತ್ತೇನೆ, ಕೈಪಿಡಿಯಲ್ಲಿ ನಂಬಲು ಒಪ್ಪುವುದಿಲ್ಲ. ಕಂಟಿನ್ಯುಅಲ್ ಎಂಬುದು 14ನೇ ಶತಮಾನದಿಂದ ಇಂಗ್ಲಿಷಿನಲ್ಲಿದೆ; ಕಂಟಿನ್ಯುಯಸ್ ಬಂದದ್ದು 17ನೇ ಶತಮಾನದಲ್ಲಿ. ಅಷ್ಟು ಕಾಲ ಮೊದಲನೆಯದೇ ಎರಡೂ ಅರ್ಥಗಳನ್ನು ನಿರ್ವಹಿಸಿತ್ತು, ಇಂದಿಗೂ ಅನೇಕರು ಹಾಗೆಯೇ ಬಳಸುತ್ತಾರೆ. 1926ರಲ್ಲಿ ಬಳಕೆಯ ಕೋಶ ಬರೆದ ಫೌಲರ್ ಕೂಡ, ಸದಾ ನಡೆಯುವುದನ್ನೂ ಕಿರು ಬಿಡುವುಗಳಲ್ಲಿ ಮರಳಿ ಮರಳಿ ಬರುವುದನ್ನೂ ಕಂಟಿನ್ಯುಅಲ್ ಒಳಗೇ ಇಟ್ಟಿದ್ದಾರೆ. ಆದ್ದರಿಂದ ಕೈಪಿಡಿ ಬರೆದವರು ಆ ಭೇದವನ್ನು ಪಾಲಿಸಿದ್ದಾರೆಂದು ಭಾವಿಸದೆ, ಯಂತ್ರ ಮಾಡುವ ಕೆಲಸವನ್ನು ನೋಡಿ ಅನುವಾದಿಸಿ.

ನಿಮ್ಮ ಬ್ಲೋವರನ್ನೇ ತೆಗೆದುಕೊಳ್ಳಿ. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಬಹಳ ಹೊತ್ತು ಗಾಳಿ ನಿಂತರೆ ಅವು ಸಾಯುತ್ತವೆ, ದುರ್ವಾಸನೆ ಏಳುತ್ತದೆ. ಹಾಗೆಂದು ಒಂದೇ ಬ್ಲೋವರ್ ಹಗಲಿರುಳು ಓಡುವುದಿಲ್ಲ. ಸಾಮಾನ್ಯವಾಗಿ ಎರಡು ಇರುತ್ತವೆ, ಸರದಿಯ ಮೇಲೆ ಓಡಿಸುತ್ತಾರೆ. ಎಡೆಬಿಡದೆ ಇರಬೇಕಾದದ್ದು ಗಾಳಿ, ಬ್ಲೋವರ್ ಅಲ್ಲ. ಕರ್ತೃಪದ ತಪ್ಪಿದರೆ ಎಷ್ಟೇ ಸರಿಯಾದ ಕ್ರಿಯಾವಿಶೇಷಣವೂ ಮೋಟಾರನ್ನು ಸುಡಬಲ್ಲದು. ಕೆಲವು ಘಟಕಗಳಲ್ಲಿ ಗಾಳಿಯನ್ನೇ ಬೇಕೆಂದು ನಿಲ್ಲಿಸುವ ಹಂತವೂ ಇರುತ್ತದೆ. ನಿಮ್ಮದು ಯಾವ ಬಗೆಯದೆಂದು ಆಪರೇಟರನ್ನೇ ಕೇಳಿ.

ನೊರೆಯ ವಾಕ್ಯದಲ್ಲಿ ಗಂಟೆಯನ್ನೇ ನಮೂದಿಸಿ. ಎಷ್ಟು ಹೊತ್ತಿಗೊಮ್ಮೆ ಎಂದು ಕೇಳುವವರಿಗೆ ‘ಪದೇ ಪದೇ’ ಎಂಬುದು ಉತ್ತರವಾಗುವುದಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ಆಪರೇಟರೊಡನೆ ಕುಳಿತು ಹೀಗೆ ತಿದ್ದಿದ್ದೇನೆ: “ತೊಟ್ಟಿಗೆ ಹಗಲೂ ರಾತ್ರಿಯೂ ಗಾಳಿ ಹೋಗುತ್ತಲೇ ಇರಬೇಕು. ಎರಡು ಬ್ಲೋವರುಗಳನ್ನು ಸರದಿಯಂತೆ ಓಡಿಸಬೇಕು. ನೊರೆಯನ್ನು ಎರಡು ಗಂಟೆಗೊಮ್ಮೆ ನೋಡಬೇಕು.” ಎರಡು ಗಂಟೆ ಎಂಬುದು ಅವರೇ ತಮ್ಮ ಅನುಭವದಿಂದ ಹೇಳಿದ್ದು. ‘ನಿರಂತರವಾಗಿ’ ಒಂದೂ ಉಳಿದಿಲ್ಲ.

ಇನ್ನೊಂದು ಸಂದೇಹ. ಮುಂದಿನ ಪುಟದಲ್ಲಿ ಒಂದು ವಾಲ್ವ್ ‘ಪ್ರೆಸೆಂಟ್ಲಿ’ ಮುಚ್ಚಿದೆ ಎಂದಿದೆ. ಇದು ‘ಈಗ’ ಎಂದೇ ಅಲ್ಲವೇ?

ಉತ್ತರ 1ರ ಅಧ್ಯಾಪಕ

ಇಲ್ಲಿ ‘ಸದ್ಯಕ್ಕೆ’ ಎಂದು ಬರೆಯಿರಿ. ಬ್ರಿಟಿಷರ ಬಳಕೆಯಲ್ಲಿ ಪ್ರೆಸೆಂಟ್ಲಿ ಎಂದರೆ ಬಹಳ ಕಡೆ ‘ಇನ್ನು ಸ್ವಲ್ಪ ಹೊತ್ತಿನಲ್ಲಿ’. ಅಮೆರಿಕದಲ್ಲಿಯೂ ನಮ್ಮ ಕಚೇರಿಗಳಲ್ಲಿಯೂ ಅದು ‘ಈಗ’. ವಾಕ್ಯ ‘ಮುಚ್ಚಿದೆ’ ಎಂದು ವರ್ತಮಾನದಲ್ಲಿರುವುದರಿಂದ ಇಲ್ಲಿ ಗೊಂದಲವಿಲ್ಲ. ‘ಮುಚ್ಚಲಾಗುವುದು’ ಎಂದಿದ್ದರೆ ಮಾತ್ರ ಕೈಪಿಡಿ ಕಳುಹಿಸಿದವರನ್ನೇ ಕೇಳಿ ಬರೆಯಬೇಕಾಗುತ್ತಿತ್ತು.