ಸಹಾಯ ಬೇಕು: ಮೂರರಿಂದ ಎರಡಕ್ಕೆ ಇಳಿಸುವಾಗ ಗೇರ್ ಕರ್ರ್ ಅನ್ನುತ್ತೆ

ಪೆಟ್ರೋಲ್ ಹ್ಯಾಚ್‌ಬ್ಯಾಕ್, 5 ಗೇರ್, ಕೇಬಲ್ ಕ್ಲಚ್, 92,000 ಕಿ.ಮೀ. ಓಡಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಕರ್ರ್ ಅಂತ ಹಲ್ಲು ಕಡಿಯುತ್ತೆ. ನಾಬ್ ಹಿಡಿದ ಅಂಗೈಗೂ ಆ ನಡುಕ ತಾಗುತ್ತೆ. ಬೆಳಗ್ಗೆ ಆಯಿಲ್ ತಣ್ಣಗಿದ್ದಾಗ ಜಾಸ್ತಿ.

ಗ್ಯಾರೇಜಿನವರು ಕ್ಲಚ್ ಸೆಟ್ ಬದಲಿಸಿ ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಪೆಡಲ್ ಒತ್ತಿದಾಗಲೂ ಕ್ಲಚ್ ಎಂಜಿನ್ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬೇರ್ಪಡಿಸದಿದ್ದರೆ ರಿವರ್ಸ್ ಕೂಡ ಕಿರುಚಬೇಕಿತ್ತು. ಐಡಲ್‌ನಲ್ಲಿ ಪೆಡಲ್ ಒತ್ತಿ 5 ಸೆಕೆಂಡ್ ಕಾದು ರಿವರ್ಸ್ ಹಾಕಿದರೆ ಸದ್ದಿಲ್ಲದೆ ಕೂರುತ್ತೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಸ್ವಲ್ಪ ರೇಸ್ ಕೊಟ್ಟು, ಮತ್ತೆ ಒತ್ತಿ ಎರಡಕ್ಕೆ ಹಾಕಿದರೂ (ಹಳೇ ಲಾರಿ ಡ್ರೈವರ್‌ಗಳ ಡಬಲ್ ಕ್ಲಚ್) ಸದ್ದೇ ಇಲ್ಲ. ಹಾಗಾಗಿ ಎರಡನೇ ಗೇರಿನ ಸಿಂಕ್ರೊ ರಿಂಗ್ (ಹಲ್ಲು ಸೇರೋ ಮೊದಲು ವೇಗ ಸಮ ಮಾಡೋ ಉಂಗುರ) ಮೇಲೆ ಅನುಮಾನ.

ಇನ್ನೊಂದು ವಿಷಯ: ಕಳೆದ ಸಲ ಹಾಕಿದ್ದು ಜಿಎಲ್-5 ದರ್ಜೆಯ ಗೇರ್ ಆಯಿಲ್. ಕೈಪಿಡಿಯಲ್ಲಿರೋದು 75ಡಬ್ಲ್ಯೂ-90 ಜಿಎಲ್-4. ಜಿಎಲ್-5 ಜಾರಿಕೆ ಹೆಚ್ಚಾದರೆ ಹಿತ್ತಾಳೆ ರಿಂಗ್ ಗೇರಿನ ಕೋನನ್ನು (ರಿಂಗ್ ಉಜ್ಜಿ ಹಿಡಿಯೋ ಇಳಿಜಾರು ಮುಖ) ಸರಿಯಾಗಿ ಹಿಡಿಯಲ್ಲ, ವೇಗ ಸಮ ಆಗೋ ಮೊದಲೇ ಹಲ್ಲು ತಾಗುತ್ತೆ. ಮೊದಲು ಆಯಿಲ್ ಬದಲಿಸಿ 500 ಕಿ.ಮೀ. ನೋಡಲೇ? ಡ್ರೈನ್ ಪ್ಲಗ್ ಮ್ಯಾಗ್ನೆಟ್‌ನಲ್ಲಿ ಬೂದು ಪೇಸ್ಟ್ ಇದ್ದರೆ ಚಿಂತೆಯಿಲ್ಲ, ಲೋಹದ ಚೂರು ಸಿಕ್ಕರೆ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕು.

ಬಿಚ್ಚಿಸಿದರೆ ರಿಂಗ್ ಒಂದೇ ಸಾಕೇ, ಹಬ್-ಸ್ಲೀವ್ (ಗೇರನ್ನು ಶಾಫ್ಟಿಗೆ ಕೂಡಿಸೋ ಜೋಡಿ ಭಾಗ) ಕೂಡ ಹಾಕಿಸಬೇಕೇ? ರಿಂಗ್-ಗೇರ್ ನಡುವಿನ ಗ್ಯಾಪ್, ಸಣ್ಣ ಸಂದು ಅಳೆಯೋ ತೆಳು ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ಎಷ್ಟಕ್ಕೆ ಇಳಿದರೆ ನೀವು ಬದಲಿಸ್ತೀರಿ?