ಬಾಳೆ ದಿಂಡಿನ ಕಾಗದ: ಗಂಟು ಕಟ್ಟುತ್ತದೆ, ಒಣಗಿದರೆ ಮುದುಡುತ್ತದೆ

ಪ್ರಶ್ನೆ: ಗೊನೆ ಕಡಿದ ಮೇಲೆ ಉಳಿದ ಏಲಕ್ಕಿ ಬಾಳೆ ದಿಂಡಿನಿಂದ ಕಾಗದ ಮಾಡಲು ನೋಡುತ್ತಿದ್ದೇನೆ. ಪಟ್ಟೆ ಬಿಡಿಸಿ, ಹೆಚ್ಚಿ, ಅಡುಗೆ ಸೋಡಾ ಹಾಕಿ ಕುದಿಸಿದೆ. ಮಿಕ್ಸಿಗೆ ಹಾಕಿದರೆ ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ನಾರು ಬೆರೆಸಿದ ನೀರಿನ ತೊಟ್ಟಿಯಲ್ಲಿ ಜಾಲರಿಯ ಚೌಕಟ್ಟು ಅದ್ದಿ ಎತ್ತಿದಾಗ ಒಂದು ಕಡೆ ಗಂಟು, ಇನ್ನೊಂದು ಕಡೆ ತೂತು. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಮುದುಡಿ, ಮಡಚಿದಲ್ಲಿ ಪಟ್ ಅಂತ ಮುರಿಯುತ್ತದೆ. ಮೈದಾ ಗಂಜಿ, ಬಿಳಿ ಅಂಟು ಎರಡನ್ನೂ ಬೆರೆಸಿ ನೋಡಿದೆ. ಅಂಟು ಇನ್ನೂ ಜಾಸ್ತಿ ಬೇಕಾ?

ಉತ್ತರ: ಅಂಟು ಬೇಡವೇ ಬೇಡ. ಚೆನ್ನಾಗಿ ಬೆಂದು, ಜಜ್ಜಿದ ನಾರು ನೀರು ಆರಿದ ಹಾಗೆ ತಾನಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ನಿಮ್ಮ ನಾರು ಬೆಂದಿಲ್ಲ. ಅಡುಗೆ ಸೋಡಾ ಈ ಕೆಲಸಕ್ಕೆ ತುಂಬಾ ಸಪ್ಪೆ, ವಾಷಿಂಗ್ ಸೋಡಾ ತನ್ನಿ.

ಅದಕ್ಕೂ ಮೊದಲು ಪಟ್ಟೆಯನ್ನು ಹಲಗೆ ಮೇಲಿಟ್ಟು, ಚಾಕುವಿನ ಬೆನ್ನಿನಿಂದ ಒಳಗಿನ ಮೆತ್ತನೆ ತಿರುಳನ್ನು ಹೆರೆದು ತೆಗೆಯಿರಿ. ಬಿಳಿ ಎಳೆಗಳಷ್ಟೇ ಉಳಿಯಬೇಕು. ಕಾಗದ ಮುದುಡಿ ಪೆಡಸಾಗಲು ಈ ತಿರುಳು ದೊಡ್ಡ ಕಾರಣ.

ಈ ನಾರನ್ನು ಒಣಗಿಸಿ 1 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. 100 ಗ್ರಾಂ ನಾರಿಗೆ 20 ಗ್ರಾಂ ವಾಷಿಂಗ್ ಸೋಡಾ, ಮುಳುಗಿ ಮೇಲೆ ನಿಲ್ಲುವಷ್ಟು ನೀರು. ಎರಡು ಮೂರು ಗಂಟೆ ಕುದಿಯಲಿ. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಂ ಆದರೆ ಸೋಡಾ ಅದನ್ನು ತಿನ್ನುತ್ತದೆ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಒಂದು ಎಳೆ ತಣ್ಣಗೆ ಮಾಡಿ ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬಿಟ್ಟುಕೊಂಡರೆ ಬೆಂದಿದೆ, ದಾರದ ಹಾಗೆ ಬಿಗಿಯಾಗಿ ನಿಂತರೆ ಇನ್ನೂ ಕುದಿಸಿ. ಆಮೇಲೆ ನೀರು ತಿಳಿಯಾಗುವವರೆಗೂ ತೊಳೆಯಿರಿ.

ಪ್ರಶ್ನೆ: ಈಗ ಎಳೆ ಸುಲಭವಾಗಿ ಬಿಡುತ್ತಿದೆ, ಬಣ್ಣವೂ ತಿಳಿಯಾಗಿದೆ. ಹಾಳೆ ಮಡಚಿದರೆ ಮುರಿಯುತ್ತಿಲ್ಲ! ಆದರೆ ಗಂಟು ಪೂರ್ತಿ ಹೋಗಿಲ್ಲ. ಮಿಕ್ಸಿ ಇನ್ನೂ ಹೊತ್ತು ಓಡಿಸಲಾ?

ಉತ್ತರ: ಬೇಡ. ಮಿಕ್ಸಿ ನಾರನ್ನು ಕತ್ತರಿಸುತ್ತದೆ ಅಷ್ಟೇ. ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಜಜ್ಜಿ. ಆಗ ನಾರಿನ ಮೈ ಬಿರಿದು ಸಣ್ಣ ಸಣ್ಣ ಎಳೆ ಏಳುತ್ತದೆ, ಹಿಡಿತ ಬರುವುದು ಅಲ್ಲಿಂದಲೇ. ಜಜ್ಜಿದ ನಾರನ್ನು ಒಂದು ಚಿಟಿಕೆ ಗಾಜಿನ ಬಾಟಲಿಯ ನೀರಿಗೆ ಹಾಕಿ ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡಿ. ಮೋಡದ ಹಾಗೆ ಹರಡಿರಬೇಕು.

ಅಷ್ಟಾದರೂ ಗಂಟು ಕಂಡರೆ ಬೆಂಡೆಕಾಯಿ ಹೆಚ್ಚಿ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿ, ಲೋಳೆ ಸೋಸಿ ತೊಟ್ಟಿಗೆ ಬೆರೆಸಿ. ಜಪಾನಿನಲ್ಲಿ ವಾಶಿ ಎಂಬ ಸಾಂಪ್ರದಾಯಿಕ ಕಾಗದ ಮಾಡುವವರು ಬೆಂಡೆಯ ಸಂಬಂಧಿ ಗಿಡವಾದ ತೊರೊರೊ-ಅಓಯಿಯ ಬೇರಿನ ಲೋಳೆ ಬಳಸುತ್ತಾರೆ. ಅದು ಅಂಟಿಸಲಿಕ್ಕಲ್ಲ. ನೀರು ನಿಧಾನವಾಗಿ ಇಳಿಯುತ್ತದೆ, ನಾರು ತೇಲಿಕೊಂಡೇ ಇರುತ್ತದೆ, ಗಂಟು ಕಟ್ಟಲು ಬಿಡುವುದಿಲ್ಲ. ಬಿಸಿನೀರು ಮಾತ್ರ ಹಾಕಬೇಡಿ, ಲೋಳೆ ಕೆಡುತ್ತದೆ.

ಒಣಗಿಸುವಾಗ ಸುಮ್ನೆ ಬಿಸಿಲಿಗೆ ಬಿಡಬೇಡಿ. ಬಟ್ಟೆಗಳ ನಡುವೆ ಹಲಗೆ ಹೇರಿ ನೀರು ಹಿಂಡಿ, ಗಾಜಿನ ಮೇಲೆ ಬ್ರಷ್‌ನಿಂದ ಒತ್ತಿ ಅಂಟಿಸಿ, ನೆರಳಲ್ಲಿ ಆರಲಿ. ಪೆನ್ನಿನ ಶಾಯಿ ಹರಡಿದರೆ ಆಗ ನಿಮ್ಮ ಗಂಜಿ ಬಳಸಿ: ತೀರಾ ತೆಳ್ಳಗೆ ಮಾಡಿ, ಒಣಗಿದ ಹಾಳೆಯ ಮೇಲೆ ಒಂದು ಕೈ ಬಳಿದರೆ ಸಾಕು.